ಅಲ್ ಖ್ವಾರಿಜ್ಮಿ ಓದಲು ಅರಬ್ಬಿ ಕಲಿಯಲೇಬೇಕಾ?

ಬೀಜಗಣಿತ ಪ್ರಿಯ: ಗಣಿತಜ್ಞ ಅಲ್ ಖ್ವಾರಿಜ್ಮಿ ಬಾಗ್ದಾದಿನಲ್ಲಿ ಸುಮಾರು 820ರಲ್ಲಿ ಬರೆದ ಬೀಜಗಣಿತದ ಪುಸ್ತಕ 'ಅಲ್ ಜಬ್ರ್' ಓದುವ ಆಸೆ. ದಿನಕ್ಕೆ ಒಂದು ಗಂಟೆ ಸಿಗುತ್ತದೆ. ಅರಬ್ಬಿ ಕಲಿಯಲಾ, ಅನುವಾದ ಸಾಕಾ? ಅನುಭವ ಇದ್ದವರು ಹೇಳಿ.

ಗಲ್ಫ್ ವಾಪಸಿ: ದುಬೈನಲ್ಲಿ 11 ವರ್ಷ ಇದ್ದೆ. ಅರಬ್ಬಿ ಬರುತ್ತೆ ಅಂತ ಜಂಬ. ಪುಸ್ತಕ ತೆಗೆದರೆ ಒಂದು ಸಾಲೂ ತಿಳಿಯಲಿಲ್ಲ. ಅಂಗಡಿ ಅರಬ್ಬಿ ಬೇರೆ, ಗ್ರಂಥದ್ದು ಬೇರೆ. ಟ್ಯೂಷನ್‌ಗೆ ತಿಂಗಳಿಗೆ 2,500ರಂತೆ 14 ತಿಂಗಳು, ಒಟ್ಟು 35,000. ನಿಘಂಟು 1,850. ಬೈಂಡಿಂಗ್ ಕಿತ್ತುಹೋಗಿ ಮತ್ತೆ 120. ಮೂರು ತಿಂಗಳು 'ಮಕ್ತಬಾ' ಪದವನ್ನು ಮ ಅಕ್ಷರದಲ್ಲೇ ಹುಡುಕಿದೆ. ಅದು ಕ-ತ-ಬ ಧಾತುವಿನಡಿ ಇರುತ್ತೆ ಅಂತ ಪುಣ್ಯಾತ್ಮರು ಹೇಳಲೇ ಇಲ್ಲ! ಆದರೆ ಸಂಖ್ಯೆಯ ವರ್ಗಕ್ಕೆ (x²) ಖ್ವಾರಿಜ್ಮಿಯ ಪದ 'ಮಾಲ್' ಅಂತ ಕಂಡ ದಿನ ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ನಮ್ಮ ಅಂಗಡಿ ಮಾಲೇ ಅದು! 'ಒಂದು ಮಾಲ್, ಹತ್ತು ಬೇರು ಸೇರಿ 39 ದಿರ್ಹಮ್.' ಬೇರು ಅಂದರೆ ವರ್ಗಮೂಲ (x), ಅದು 3.

ಲೆಕ್ಕದ ಮೇಷ್ಟ್ರು: 35,000 ಸುರಿದು 3 ತೆಗೆದಿರಾ? ರೋಸನ್ 1831ರಲ್ಲೇ ಇಂಗ್ಲಿಷಿಗೆ ತಂದಿದ್ದಾನೆ. ಪ್ರಿಂಟ್, ಸ್ಪೈರಲ್ ಸೇರಿ ನನಗೆ 340 ರೂಪಾಯಿ. ನಾನು ಸಿಕ್ಕಿಬಿದ್ದದ್ದು ಭಾಷೆಯಲ್ಲಲ್ಲ. ಪುಸ್ತಕದ ಹೆಚ್ಚುಕಮ್ಮಿ ಅರ್ಧ ಆಸ್ತಿ ಪಾಲಿನ ಲೆಕ್ಕ. ಮಗನಿಗೆ ಮಗಳ ಎರಡರಷ್ಟು, ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು ಪಾಲು. ಈ ಇಸ್ಲಾಮಿ ಕಾನೂನು ಗೊತ್ತಿಲ್ಲದೆ ಎಂಟು ತಿಂಗಳು ಒದ್ದಾಡಿದೆ.

ಗಲ್ಫ್ ವಾಪಸಿ: ರೋಸನ್‌ನಲ್ಲಿ 'ಮಾಲ್' ಎಲ್ಲಿ ಕಾಣುತ್ತೆ ಸಾರ್? ಒಂಬತ್ತನೇ ಶತಮಾನದ ಬಾಗ್ದಾದಿನ ವಿದ್ವಾಂಸ ಹುನೈನ್ ಇಬ್ನ್ ಇಸ್ಹಾಕ್, ಗ್ರೀಕ್ ವೈದ್ಯ ಗೇಲೆನ್‌ನ ಒಂದು ಗ್ರಂಥಕ್ಕಾಗಿ ಸಿರಿಯಾ, ಪ್ಯಾಲೆಸ್ತೀನ್, ಅಲೆಕ್ಸಾಂಡ್ರಿಯಾ ಅಲೆದ. ದಮಾಸ್ಕಸ್‌ನಲ್ಲಿ ಸಿಕ್ಕಿದ್ದು ಅರ್ಧ ಮಾತ್ರ. ನಿಮ್ಮಂತೆ ಸ್ಪೈರಲ್ ಹಾಕಿಸಿ ಕೂರಲಿಲ್ಲ.

ಲೆಕ್ಕದ ಮೇಷ್ಟ್ರು: ಆ ಹುನೈನನೇ ಗ್ರೀಕ್ ಗ್ರಂಥಗಳ ಅನುವಾದಕ ಅಲ್ವಾ ಮಾರಾಯ್ರೇ! ದೊಡ್ಡ ವೈದ್ಯ ಇಬ್ನ್ ಸೀನಾ ಗೇಲೆನ್ ಓದಿದ್ದೂ ಅರಬ್ಬಿ ಅನುವಾದದಲ್ಲೇ.

ಸೊನ್ನೆ ನಮ್ಮದು: ಇಬ್ಬರೂ ಸುಮ್ನೆ ಜಗಳ. ಅವರ ಲೆಕ್ಕವೆಲ್ಲ ಇಲ್ಲಿಂದ ಹೋದದ್ದು.

ಲೆಕ್ಕದ ಮೇಷ್ಟ್ರು: ಅಂಕಿ ಹೋದದ್ದು ನಿಜ, ಅದನ್ನು ಖ್ವಾರಿಜ್ಮಿಯೇ ಹೇಳಿ ಬೇರೆ ಪುಸ್ತಕ ಬರೆದ. ಅದರ ಅರಬ್ಬಿ ಮೂಲ ಕಳೆದು ಲ್ಯಾಟಿನ್ ಉಳಿದಿದೆ. ಮೂಲವೇ ಬೇಕು ಅನ್ನೋರು ಈಗೇನು ಮಾಡ್ತೀರಿ? 'ಅಲ್ ಜಬ್ರ್'ನಲ್ಲಿ ಲೆಕ್ಕವೆಲ್ಲ ಮಾತಿನಲ್ಲೇ, ಒಂದು ಚಿಹ್ನೆಯೂ ಇಲ್ಲ. ಓದಿ ಬಂದು ಮಾತಾಡಿ.

ಸೊನ್ನೆ ನಮ್ಮದು: ಮೇಷ್ಟ್ರ ದರ್ಪ ಕ್ಲಾಸಿನಲ್ಲಿಟ್ಟುಕೊಳ್ಳಿ.

ಬೀಜಗಣಿತ ಪ್ರಿಯ: ನಿಘಂಟು ಸೆಕೆಂಡ್ ಹ್ಯಾಂಡ್ ಸಿಗುತ್ತಾ?

ಗಲ್ಫ್ ವಾಪಸಿ: ನನ್ನದೇ ಇದೆ. 1,500 ಕೊಡಿ.

ಲೆಕ್ಕದ ಮೇಷ್ಟ್ರು: ಬೈಂಡಿಂಗ್ ಕಿತ್ತುಹೋದದ್ದಕ್ಕಾ?