ಹಂಗೆರಿಯ ಕೋಟೆ ಆಸ್ತಿಗೆ ‘ಜಹಗೀರು’ ಸರಿಯೇ? ‘ಉಂಬಳಿ’, ‘ಹಿಡುವಳಿ’, ‘ಸೀಮೆ’ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಮಧ್ಯಯುಗದ ಹಂಗೆರಿಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಒಂದು ಕೋಟೆ, ಅದಕ್ಕೆ ಸೇರಿದ ಹತ್ತಾರು ಹಳ್ಳಿ, ಎಲ್ಲವೂ ಒಂದು ಮನೆತನದ ಆಸ್ತಿ. ಇಂಥದ್ದನ್ನು ಕಂಡಾಗ ನಮ್ಮ ಕೈ ತಾನಾಗಿಯೇ ‘ಜಹಗೀರು’ ಎಂದು ಬರೆದುಬಿಡುತ್ತದೆ. ನನಗೆ ಈ ಪದ ಬೇಡ ಅನಿಸಿದೆ. ಏಕೆ ಎಂದು ಹೇಳಬೇಕಾದರೆ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

1000ದಿಂದ 1038ರವರೆಗೆ ಆಳಿದ ಇಶ್ತ್ವಾನ್ ದೊರೆ ರಾಜ್ಯವನ್ನು ಕೋಟೆಗಳ ಸುತ್ತ ಕಟ್ಟಿದ. ಕೋಟೆ ದೊರೆಯದು. ಅದರ ಜಮೀನೂ ದೊರೆಯದು. ಅಲ್ಲಿ ಉಳುವವರು, ಕಾವಲಿನ ಯೋಧರು ಕೋಟೆಗೆ ಸೇರಿದ ಜನ. ಮೇಲ್ವಿಚಾರಣೆಗೆ ‘ಇಶ್ಪಾನ್’ ಎಂಬ ಅಧಿಕಾರಿ. ಆದಾಯದಲ್ಲಿ ಮೂರನೇ ಎರಡು ಪಾಲು ದೊರೆಗೆ, ಒಂದು ಪಾಲು ಇಶ್ಪಾನನಿಗೆ. ಹುದ್ದೆ ಹೋದರೆ ಪಾಲೂ ಹೋಯಿತು.

ಈ ಆಡಳಿತ ಪ್ರದೇಶಕ್ಕೆ ಅವರ ಮಾತಿನಲ್ಲಿ ‘ವಾರ್ಮೆದ್ಯೆ’ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ‘ಕೌಂಟಿ’. ‘ವಾರ್’ ಅಂದರೆ ಕೋಟೆ. ‘ಮೆದ್ಯೆ’ ಸ್ಲಾವಿಕ್ ಭಾಷೆಯಿಂದ ಬಂದದ್ದು, ಮೂಲದಲ್ಲಿ ಅದರ ಅರ್ಥ ಎಲ್ಲೆ. ನಮ್ಮ ‘ಸೀಮೆ’ಗೂ ಎಲ್ಲೆ, ಪ್ರದೇಶ ಎರಡೂ ಅರ್ಥ ಇವೆ ಅಲ್ವಾ? ಹಾಗಾಗಿ ‘ಕೋಟೆಸೀಮೆ’ ಎಂದು ಬರೆದಿದ್ದೇನೆ. ‘ಜಿಲ್ಲೆ’ ಎಂದರೆ ಓದುವವರ ಕಣ್ಣಿಗೆ ಡಿಸಿ ಕಚೇರಿ ಬಂದು ನಿಲ್ಲುತ್ತದೆ.

ಮುಂದೆ ಇದೆಲ್ಲ ಸಡಿಲವಾಯಿತು. 1205ರಲ್ಲಿ ಪಟ್ಟಕ್ಕೆ ಬಂದ ಎರಡನೇ ಅಂದ್ರಾಶ್ ಕೋಟೆಯ ಜಮೀನುಗಳನ್ನು ತನಗೆ ಬೇಕಾದವರಿಗೆ ಶಾಶ್ವತವಾಗಿ ಕೊಡತೊಡಗಿದ. ಜಮೀನು ಹೋದ ಮೇಲೆ ಇಶ್ಪಾನನ ಬಲ ಎಲ್ಲಿಂದ ಬರಬೇಕು? 1222ರಲ್ಲಿ ಅವನು ಹೊರಡಿಸಿದ ‘ಸ್ವರ್ಣಶಾಸನ’ (ಗೋಲ್ಡನ್ ಬುಲ್) ಎಂಬ ಹಕ್ಕುಪತ್ರದಲ್ಲಿ, ಇಡೀ ಕೌಂಟಿಯನ್ನು ಯಾರಿಗೂ ಶಾಶ್ವತವಾಗಿ ಕೊಡಬಾರದು ಎಂದು ದೊರೆಯ ಬಾಯಿಂದಲೇ ಹೇಳಿಸಬೇಕಾಯಿತು.

1241ರಲ್ಲಿ ಮಂಗೋಲರು ನುಗ್ಗಿದರು. ಮಣ್ಣು, ಮರದ ಕೋಟೆಗಳು ನಿಲ್ಲಲಿಲ್ಲ. ಎಸ್ಟರ್ಗೋಮ್ ಊರು ಸುಟ್ಟುಹೋದರೂ ಅಲ್ಲಿನ ಕಲ್ಲಿನ ಕೋಟೆ ಉಳಿಯಿತು. ಅದಕ್ಕೇ ಆಗಿನ ದೊರೆ ನಾಲ್ಕನೇ ಬೇಲಾ ಕಲ್ಲಿನ ಕೋಟೆ ಕಟ್ಟುವವರಿಗೆ ಭೂಮಿ ಕೊಟ್ಟ. ದೇಶ ಉಳಿಸಲು ಮಾಡಿದ ಕೆಲಸವೇ, ನಿಜ. ಆದರೆ ಬೆಟ್ಟದ ಮೇಲೆ ಎದ್ದ ಹೊಸ ಕೋಟೆಗಳಲ್ಲಿ ಬಹಳಷ್ಟು ದೊಡ್ಡ ಮನೆತನಗಳದ್ದಾದವು. ಸುತ್ತಲಿನ ಹಳ್ಳಿಗಳು ಇಶ್ಪಾನನ ಮಾತಿಗಿಂತ ಕೋಟೆಯ ಒಡೆಯನ ಮಾತಿಗೆ ಜಾಸ್ತಿ ಅಂಜಬೇಕಾಯಿತು. 1300ರ ಹೊತ್ತಿಗೆ ಚಾಕ್ ಮಾಟೆ ಎಂಬಾತ ಟ್ರೆಂಚೇನ್ ಕೋಟೆಯಲ್ಲಿ ಕೂತು, ಇಂದಿನ ಸ್ಲೊವಾಕಿಯಾದ ಪಶ್ಚಿಮ ಭಾಗವನ್ನು ತಾನೇ ದೊರೆಯೆಂಬಂತೆ ಆಳಿದ. 1321ರಲ್ಲಿ ಅವನು ಸತ್ತ ಮೇಲೆಯೇ ಆ ಕೋಟೆ ದೊರೆಯ ಕೈಗೆ ಮರಳಿತು.

ಹೀಗೆ ಕೋಟೆಗಳನ್ನು ವಾಪಸ್ ಪಡೆದವನು ದೊರೆ ಒಂದನೇ ಕಾರೊಯ್. ಅವನು ಕೋಟೆಯನ್ನೂ ಅದರ ಹಳ್ಳಿಗಳನ್ನೂ ಹುದ್ದೆಗೆ ಕಟ್ಟಿದ. ಇಶ್ಪಾನ್ ಆಗಿರುವಷ್ಟು ದಿನ ಅದರ ಆದಾಯ ನಿನ್ನದು, ಇಳಿದ ದಿನ ಬಿಡಬೇಕು. ಇದಕ್ಕೆ ‘ಹೊನೊರ್’ ಎಂದು ಹೆಸರು. ಆಮೇಲೆ 1387ರಲ್ಲಿ ಪಟ್ಟಕ್ಕೆ ಬಂದ ಝಿಗ್ಮೊಂಡ್ ಮತ್ತೆ ಕೋಟೆಗಳನ್ನು ಧಾರಾಳವಾಗಿ ಕೊಟ್ಟ. 1409ರಲ್ಲಿ ಹುನ್ಯಾದ್ ಕೋಟೆ ವೊಯ್ಕ್ ಎಂಬವನಿಗೆ ಸಿಕ್ಕಿತು. ಅವನ ವಂಶಕ್ಕೆ ಹುನ್ಯಾದಿ ಎಂಬ ಹೆಸರು ಬಂದದ್ದೇ ಆ ಕೋಟೆಯಿಂದ. ಅವನ ಮೊಮ್ಮಗ ಮಾತ್ಯಾಶ್ ಮುಂದೆ ದೊರೆಯೇ ಆದ.

ಈಗ ಹೇಳಿ, ಹುದ್ದೆಯ ಜೊತೆ ಬಂದು ಹೋಗುವ ಕೋಟೆ, ವಂಶಕ್ಕೇ ಉಳಿಯುವ ಕೋಟೆ, ಎರಡಕ್ಕೂ ‘ಜಹಗೀರು’ ಎಂದರೆ ಹೇಗೆ? ಅಲ್ಲಿನ ಜಗಳವೆಲ್ಲ ಈ ವ್ಯತ್ಯಾಸದ್ದೇ. ಮೊದಲನೆಯದಕ್ಕೆ ‘ಹುದ್ದೆ ಉಂಬಳಿ’, ಎರಡನೆಯದಕ್ಕೆ ‘ಕೋಟೆ ಹಿಡುವಳಿ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಇನ್ನೊಂದು ಪದ ‘ಯೊಬ್ಬಾದ್ಯ’. ಮೊದಮೊದಲು ಇದು ದೊರೆಯ ಹತ್ತಿರದ ದೊಡ್ಡವರಿಗೆ, ಕೋಟೆಯ ಯೋಧರಿಗೆ ಇದ್ದ ಹೆಸರು. ಕೋಟೆ ಜಮೀನು ಕರಗಿದಂತೆ ಆ ಯೋಧರಲ್ಲಿ ಕೆಲವರು ಕುಲೀನ ವರ್ಗಕ್ಕೆ ಏರಿದರು, ಉಳಿದವರು ಕೆಳಗಿಳಿದರು. 14ನೇ ಶತಮಾನದಲ್ಲಿ ಅದೇ ಪದಕ್ಕೆ ಒಡೆಯನ ಭೂಮಿ ಉಳುವ ರೈತ ಎಂಬ ಅರ್ಥ ನಿಂತಿತು. ಇದನ್ನು ಸುಮ್ನೆ ‘ಜೀತದಾಳು’ ಎಂದರೆ ತಪ್ಪಾಗುತ್ತದೆ. ಬಾಕಿ ತೀರಿಸಿ ಬೇರೆ ಒಡೆಯನ ಊರಿಗೆ ಹೋಗುವ ಹಕ್ಕು ಅವನಿಗಿತ್ತು. ಅದನ್ನು ಕಿತ್ತುಕೊಂಡದ್ದು 1514ರ ರೈತರ ದಂಗೆಯ ನಂತರ. ಅದಕ್ಕೆ ನನ್ನ ಆಯ್ಕೆ ‘ಒಕ್ಕಲು’.

‘ಕೋಟೆಸೀಮೆ’ಯಲ್ಲೂ ಒಂದು ತೊಡಕಿದೆ. 1232ರಲ್ಲೇ ಜಾಲಾ ಪ್ರದೇಶದ ಸಣ್ಣ ಭೂಮಾಲೀಕರು ತಾವೇ ಸೇರಿ ನ್ಯಾಯ ಹೇಳತೊಡಗಿದ್ದರು. ಹೀಗೆ ಕೌಂಟಿ ಮೆಲ್ಲಗೆ ದೊರೆಯ ಕೋಟೆಯಿಂದ ಬಿಡಿಸಿಕೊಂಡು, ಸ್ಥಳೀಯ ಕುಲೀನರ ಸಭೆಯಾಯಿತು. ಆದರೂ ಆಗ ಹಂಗೆರಿಯವರು ಹಳೆಯ ಹೆಸರನ್ನು ಬಿಡಲಿಲ್ಲ. ನಾವೂ ಉಳಿಸಿಕೊಳ್ಳೋಣ ಅನ್ನುವುದು ನನ್ನ ಮತ.

ನನಗೆ ಅನುಮಾನ ಇರುವುದು ‘ಉಂಬಳಿ’ ಬಗ್ಗೆ. ನಮ್ಮಲ್ಲಿ ಉಂಬಳಿ ಭೂಮಿ ಅಪ್ಪನಿಂದ ಮಗನಿಗೆ ಹೋದದ್ದೂ ಉಂಟು. ಹಾಗಿರುವಾಗ ಓದುವವರು ಅದನ್ನು ವಂಶದ ಆಸ್ತಿ ಎಂದೇ ತಿಳಿದುಕೊಳ್ಳುತ್ತಾರಾ? ವಿಜಯನಗರದಲ್ಲಿ ಸೈನ್ಯದ ಸೇವೆಗಾಗಿ ನಾಯಕರಿಗೆ ಕೊಡುತ್ತಿದ್ದ ‘ಅಮರ’ ಭೂಮಿ ಇದಕ್ಕಿಂತ ಹತ್ತಿರವೇ? ನಿಮ್ಮ ಊರ ಕಡೆ, ಕೆಲಸ ಬಿಟ್ಟ ಕೂಡಲೇ ಬಿಟ್ಟುಕೊಡಬೇಕಾದ ಭೂಮಿಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.