‘ಹಿಂಬೇಸಿಗೆ’ಯೋ ‘ಕೊಸರುಬಿಸಿಲೋ’? ಪ್ರೇರಿ ನಾಡಿನ ಅಕ್ಟೋಬರಿಗೆ ಪದ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಗದಗ ಕಡೆಯವನು. ಕೆನಡಾದ ಪ್ರೇರಿ ಎಂಬ ಬಯಲುನಾಡಿಗೆ, ಸಸ್ಕ್ಯಾಚೆವನ್ ಪ್ರಾಂತ್ಯದ ರಿಜೈನಾ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಚಳಿ ಒಮ್ಮೆ ಬಿದ್ದ ಮೇಲೆ ಇಲ್ಲಿ ಕೆಲವು ದಿನ ಮರಳಿ ಬರುವ ಬೆಚ್ಚಗಿನ ಬಿಸಿಲಿಗೆ ಕನ್ನಡದ ಪದ ಹುಡುಕುತ್ತಿದ್ದೇನೆ. ಹೋದ ವಾರ ಅವ್ವನ ಜೊತೆ ಫೋನಿನಲ್ಲಿ ಆಡಿದ ನಾಲ್ಕು ಮಾತು ಇದಕ್ಕೆ ಕಾರಣ.

ಇಲ್ಲಿ ಸೆಪ್ಟೆಂಬರ್ ನಡುವಿಗೇ ಒಂದೆರಡು ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬಿದ್ದು ಹೋಗಿತ್ತು. ಹಿತ್ತಲಿನ ಟೊಮೆಟೊ ಗಿಡಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು. ಸ್ವೆಟರುಗಳು ಪೆಟ್ಟಿಗೆಯಿಂದ ಹೊರಬಂದಿದ್ದವು. ಆಮೇಲೆ ಅಕ್ಟೋಬರ್ ಹುಟ್ಟಿದ್ದೇ ತಡ, ಗಾಳಿ ತೆಂಕಲಿಂದ ಬೀಸತೊಡಗಿ ಒಂದು ವಾರ ಪೂರ್ತಿ ಬೆಚ್ಚಗಿನ ಬಿಸಿಲು. ಮನೆಯ ದಕ್ಷಿಣದ ಗೋಡೆಯ ಮೇಲೆ ಕರಿ-ಕೆಂಪು ಬಣ್ಣದ ಸಣ್ಣ ಹುಳಗಳು ನೂರಾರು ಬಂದು ಅಂಟಿಕೊಂಡು ಬಿಸಿಲು ಕಾಯಿಸುತ್ತಿದ್ದವು. ಇಲ್ಲಿನ ಮ್ಯಾನಿಟೋಬಾ ಮೇಪಲ್ ಮರದ ಹುಳ ಅದು, ಯಾರಿಗೂ ಏನೂ ಮಾಡುವುದಿಲ್ಲ. ನಾನೂ ಅವುಗಳ ಪಕ್ಕ ಮೆಟ್ಟಿಲ ಮೇಲೆ ಕೂತು ಫೋನ್ ಹಚ್ಚಿದೆ.

“ಅವ್ವಾ, ಇಲ್ಲಿ ಬ್ಯಾಸಗಿ ಮರಳಿ ಬಂದೈತಿ” ಅಂದೆ, ಖುಷಿಯಿಂದ.

“ಅಯ್ಯ ಶಿವನೇ! ಮತ್ತ ನೀರಿಗೆ ಏನ್ ಮಾಡ್ತೀರಪಾ?” ಅಂದಳು.

ಅವಳ ದನಿಯಲ್ಲಿದ್ದದ್ದು ನಿಜವಾದ ಆತಂಕ. ನಾನು ಹೇಳಿದ್ದು ಒಳ್ಳೆಯ ಸುದ್ದಿ, ಅವಳಿಗೆ ಕೇಳಿಸಿದ್ದು ಕೆಟ್ಟ ಸುದ್ದಿ. ಆಡಿದ ಪದ ಒಂದೇ. ಅವತ್ತಿನಿಂದ ಇದು ತಲೆಯಿಂದ ಹೋಗಿಲ್ಲ.

ಈ ಬಿಸಿಲಿಗೆ ಇಂಗ್ಲಿಷಿನಲ್ಲಿ ರೂಢಿಯಲ್ಲಿದ್ದ ಹೆಸರು ಇಂಡಿಯನ್ ಸಮ್ಮರ್. ಇದನ್ನು ‘ಭಾರತೀಯ ಬೇಸಿಗೆ’ ಎಂದು ಕನ್ನಡಕ್ಕೆ ತಂದರೆ ದಾರಿ ಪೂರ್ತಿ ತಪ್ಪುತ್ತದೆ, ಏಕೆಂದರೆ ಅಲ್ಲಿನ ಇಂಡಿಯನ್ ನಾವಲ್ಲ, ಉತ್ತರ ಅಮೆರಿಕದ ಮೂಲನಿವಾಸಿಗಳು. ಈ ಮಾತಿನ ಹಳೆಯ ಬಳಕೆ ಕಾಣುವುದು 1778ರ ಹೊತ್ತಿಗೆ, ನ್ಯೂಯಾರ್ಕ್ ಸೀಮೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ಕ್ರೆವ್‌ಕರ್ ಎಂಬ ಫ್ರೆಂಚ್ ಮೂಲದವನ ಬರಹದಲ್ಲಿ. 1902ರಲ್ಲಿ ಆಲ್ಬರ್ಟ್ ಮ್ಯಾಥ್ಯೂಸ್ ಎಂಬ ವಿದ್ವಾಂಸ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ಈ ಹೆಸರು ಏಕೆ ಬಂತೆಂದು ಹುಡುಕಿದ. ಹತ್ತಾರು ಕತೆಗಳು ಸಿಕ್ಕವು, ಒಂದೂ ಗಟ್ಟಿಯಾಗಿ ನಿಲ್ಲಲಿಲ್ಲ. ಮೂಲನಿವಾಸಿಗಳನ್ನು ಇಂಡಿಯನ್ ಎಂದು ಕರೆಯುವುದು ಈಗ ಇಲ್ಲಿ ಸಭ್ಯ ಮಾತಲ್ಲ. ಅಮೆರಿಕದ ಹವಾಮಾನಶಾಸ್ತ್ರ ಸಂಘದ ಪದಕೋಶವೂ ‘ಎರಡನೆಯ ಬೇಸಿಗೆ’ ಎಂಬರ್ಥದ ಸೆಕೆಂಡ್ ಸಮ್ಮರ್ ಕಡೆಗೆ ಹೊರಳಿದೆ. ಹಾಗಾಗಿ ಇಂಗ್ಲಿಷ್ ಹೆಸರಿನ ಬಾಲ ಹಿಡಿದು ಹೋಗುವ ಅಗತ್ಯ ನಮಗಿಲ್ಲ.

ಬೇರೆ ನುಡಿಯವರು ಏನೆನ್ನುತ್ತಾರೆ ಎಂದು ನೋಡಿದೆ. ರಷ್ಯನ್ನರದು ‘ಬಾಬ್ಯೆ ಲೇತೊ’, ಅಂದರೆ ಹೆಂಗಸರ ಬೇಸಿಗೆ. ಜರ್ಮನ್ನರದು ‘ಆಲ್ಟ್‌ವೈಬರ್‌ಸೊಮರ್’, ಮುದುಕಿಯರ ಬೇಸಿಗೆ. ಈ ದಿನಗಳಲ್ಲಿ ಗಾಳಿಯಲ್ಲಿ ತೇಲುವ ಜೇಡರ ಎಳೆಗಳು ಮುದುಕಿಯರ ಬಿಳಿಗೂದಲಿನ ಹಾಗೆ ಕಾಣುತ್ತವೆ ಎಂದು ಅಲ್ಲಿನವರ ವಿವರಣೆ. ಈ ಹೆಸರಿನಿಂದ ತನಗೆ ಅವಮಾನವಾಗುತ್ತದೆ ಎಂದು ಒಬ್ಬ ವೃದ್ಧೆ ಡಾರ್ಮ್‌ಸ್ಟಾಟ್ ಊರಿನ ಕೋರ್ಟಿಗೆ ಹೋಗಿದ್ದರು. 1989ರಲ್ಲಿ ಕೋರ್ಟು ದಾವೆಯನ್ನು ತಳ್ಳಿಹಾಕಿತು. ಒಂದು ಬಿಸಿಲಿನ ಹೆಸರಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ಆ ಅಜ್ಜಿಯ ಬಗ್ಗೆ ನನಗೆ ಗೌರವವಿದೆ. ದಕ್ಷಿಣ ಯುರೋಪಿನವರು ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಹೆಸರಿಟ್ಟು ಕರೆಯುತ್ತಾರೆ. ಎಲ್ಲರೂ ಅವರವರ ಮನೆಯೊಳಗಿಂದಲೇ ಹೆಸರು ತೆಗೆದಿದ್ದಾರೆ.

ಈಗ ಕನ್ನಡ. ನನಗೆ ಮೊದಲು ಹೊಳೆದದ್ದು ‘ಹಿಂಬೇಸಿಗೆ’. ಮುಂಗಾರು-ಹಿಂಗಾರು ಇರುವಾಗ ಇದು ತಾನಾಗಿಯೇ ಬಾಯಿಗೆ ಬರುತ್ತದೆ. ಎಲ್ಲ ಮುಗಿಯಿತು ಎಂದುಕೊಂಡ ಮೇಲೆ ಹಿಂದಿನಿಂದ ಬಂದ ಬೇಸಿಗೆ. ಆದರೆ ಎರಡು ದಿನ ಬಾಯಲ್ಲಿ ಆಡಿಸಿದ ಮೇಲೆ ಎರಡು ತೊಡಕು ಕಂಡವು.

ಒಂದು, ‘ಹಿಂ’ ಎಂಬುದರ ದಿಕ್ಕು. ಹಿಂಗಾರಿನಲ್ಲಿ ಅದರ ಅರ್ಥ ಆಮೇಲೆ ಬರುವುದು. ಸಾಲಿನಲ್ಲಿ ಮುಂದೆ ನಡೆಯುವವನು ಮೊದಲು ಮುಟ್ಟುತ್ತಾನೆ, ಹಿಂದಿನವನು ಆಮೇಲೆ. ಆದರೆ ‘ಹಿಂದಿನ ವರ್ಷ’ ಎಂದಾಗ ಅದೇ ‘ಹಿಂ’ ಕಳೆದುಹೋದ ಕಾಲ. ‘ಮುಂದಿನ ವರ್ಷ’ ಎಂದರೆ ಇನ್ನೂ ಬರಬೇಕಾದದ್ದು, ಮುಂಗಾರಾದರೋ ಮೊದಲೇ ಬರುವುದು. ನಮ್ಮ ನುಡಿಯಲ್ಲಿ ಕಾಲಕ್ಕೆ ಎರಡು ನಡಿಗೆಗಳಿವೆ: ಒಂದರಲ್ಲಿ ಕಾಲ ನಿಂತಿರುತ್ತದೆ, ನಾವು ಅದರ ಮೇಲೆ ನಡೆದುಹೋಗುತ್ತೇವೆ. ಇನ್ನೊಂದರಲ್ಲಿ ನಾವು ನಿಂತಿರುತ್ತೇವೆ, ಮಳೆ ಬಿಸಿಲುಗಳು ಸಾಲಾಗಿ ನಮ್ಮ ಕಡೆ ಬರುತ್ತವೆ. ರೈತನ ಬಾಯಲ್ಲಿ ಎರಡನೆಯದು. ‘ಹಿಂಬೇಸಿಗೆ’ ಎಂದರೆ ಪೇಟೆಯ ಓದುಗ ‘ಕಳೆದ ಬೇಸಿಗೆ’ ಎಂದು ತಿಳಿದರೆ ಅವನ ತಪ್ಪೇನೂ ಇಲ್ಲ. ‘ಮರುಬೇಸಿಗೆ’ ಅಂದರೂ ಇದೇ ಪಾಡು: ಮರುಮದುವೆಯ ‘ಮರು’ ಬೇರೆ, ಮರುದಿನದ ‘ಮರು’ ಬೇರೆ. ಜೊತೆಗೆ ಅದಕ್ಕೆ ಸರ್ಕಾರಿ ಸುತ್ತೋಲೆಯ ವಾಸನೆಯೂ ಬಡಿದಿದೆ.

ಎರಡನೆಯ ತೊಡಕು ದೊಡ್ಡದು. ಅದನ್ನು ಅವ್ವ ಒಂದೇ ಮಾತಿನಲ್ಲಿ ತೋರಿಸಿಕೊಟ್ಟಳು. ನಮ್ಮ ಬೇಸಿಗೆ ಎಂದರೆ ಬತ್ತಿದ ಬೋರು, ಕೊಡದ ಸಾಲು, ದನಕ್ಕೆ ಮೇವಿಲ್ಲದ ಮಾರ್ಚಿಯಿಂದ ಮೇ. ಅದು ಮರಳಿ ಬರುವುದು ಯಾರಿಗೂ ಬೇಕಿಲ್ಲ. ಇಲ್ಲಿ ಬೇಸಿಗೆ ಎಂದರೆ ವರ್ಷವಿಡೀ ಕಾದು ಕೂತು ಪಡೆಯುವ ನಾಲ್ಕು ತಿಂಗಳು, ಅದೂ ಪೂರ್ತಿ ನಾಲ್ಕಲ್ಲ. ಇಲ್ಲಿನ ರೈತರಿಗೂ ಈ ಬಿಸಿಲು ವರ: ಹೊಲದಲ್ಲಿ ನಿಂತುಹೋದ ತಡದ ಬೆಳೆ ಒಣಗುತ್ತದೆ, ರಾತ್ರಿ ಹತ್ತು ಗಂಟೆಗೂ ಕಂಬೈನ್ ಎಂಬ ಕೊಯ್ಲುಯಂತ್ರಗಳ ದೀಪಗಳು ದೂಳಿನ ನಡುವೆ ಓಡಾಡುತ್ತಿರುತ್ತವೆ. ‘ಬೇಸಿಗೆ’ ಎಂಬ ಪದವನ್ನು ಇಟ್ಟುಕೊಂಡರೆ ಅರ್ಥ ದಾಟುತ್ತದೆ, ಹಿತ ದಾಟುವುದಿಲ್ಲ. ಬಿಸಿಲಿಗೆ ಈ ಶಾಪ ಇಲ್ಲ. ಸುಡುಬಿಸಿಲು, ರಣಬಿಸಿಲು ಇದ್ದ ಹಾಗೆಯೇ ಎಳೆಬಿಸಿಲು, ಹೊಂಬಿಸಿಲು, ಹೂಬಿಸಿಲೂ ಇವೆ. ಬಿಸಿಲನ್ನು ‘ಕಾಯಿಸುತ್ತೇವೆ’, ಬೇಸಿಗೆಯನ್ನು ‘ಕಳೆಯುತ್ತೇವೆ’. ಆದ್ದರಿಂದ ಪದದ ಬುಡ ‘ಬಿಸಿಲು’ ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದನ್ನು ಮಂಡ್ಯ ಕಡೆಯ ಗೆಳತಿಯೊಬ್ಬರ ಹತ್ತಿರ ಹೇಳಿದೆ. ಅವರು ಇದೇ ಪ್ರಾಂತ್ಯದ ಸಾಸ್ಕಟೂನಿನಲ್ಲಿದ್ದಾರೆ. ಒಂದು ಗಳಿಗೆಯೂ ಯೋಚಿಸದೆ, “ಇದು ಕೊಸರು ಕಣ್ರೀ” ಅಂದರು. ಸಂತೆಯಲ್ಲಿ ಬೀನ್ಸ್ ತೂಕ ಹಾಕಿ ಚೀಲಕ್ಕೆ ಸುರಿದ ಮೇಲೆ, ಮುದ್ದಾಂ ನಿಂತುಕೊಂಡ ಗಿರಾಕಿಯ ಮುಖ ನೋಡಿ ಇನ್ನೊಂದು ಹಿಡಿ ಮೇಲೆ ಹಾಕುತ್ತಾರಲ್ಲ, ಆ ಕೊಸರು. ಲೆಕ್ಕದಲ್ಲಿ ಇಲ್ಲದ್ದು, ಕೇಳಿದರೆ ಕೊಡಲೇಬೇಕು ಅಂತಿಲ್ಲದ್ದು, ಕೊಟ್ಟಾಗ ಮನಸ್ಸು ತುಂಬುವುದು. ‘ಕೊಸರುಬಿಸಿಲು’. ಕೇಳಿದ ಕೂಡಲೇ ಮೈ ಜುಮ್ಮೆಂದಿತು. ಹೆಪ್ಪುಚಳಿ ಒಮ್ಮೆ ಬಿದ್ದ ಮೇಲೆ ಬಂದ ಬಿಸಿಲಾದರೆ ಮಾತ್ರ ಇಂಡಿಯನ್ ಸಮ್ಮರ್ ಎಂದು ಇಲ್ಲಿನ ಹಳಬರು ಹಟ ಹಿಡಿಯುತ್ತಾರೆ. ತೂಕ ಮುಗಿಯದೆ ಕೊಸರಿಲ್ಲ, ಹಾಗಾಗಿ ಆ ಷರತ್ತೂ ಇದರೊಳಗೆ ಕೂತುಬಿಟ್ಟಿತು.

ನನ್ನ ಒಂದೇ ಅನುಮಾನ: ಉತ್ತರ ಕರ್ನಾಟಕದಲ್ಲಿ ಬೆಳೆದ ನನಗೆ ‘ಕೊಸರು’ ಓದಿನಿಂದ ಬಂದ ಪದ, ಸಂತೆಯಿಂದ ಬಂದದ್ದಲ್ಲ. ಎಲ್ಲ ಸೀಮೆಯವರಿಗೂ ಇದು ಥಟ್ಟನೆ ಹೊಳೆಯುತ್ತದೆಯೇ? ಅಥವಾ ‘ಕೊಸರಿಕೊಳ್ಳುವುದು’ ಮೊದಲು ನೆನಪಾಗಿ ಅರ್ಥ ಕೆಡುತ್ತದೆಯೇ?

ಇನ್ನು ಈ ಬಿಸಿಲು ಮುರಿಯುವ ಕ್ಷಣದ ಮಾತು. ಇದು ಮೆಲ್ಲಗೆ ಆರುವುದಿಲ್ಲ. ಬೆಚ್ಚಗಿನ ತೆಂಕಣ ಗಾಳಿಯ ಅಡಿಗೆ ಬಡಗಲಿನ ಭಾರವಾದ ತಣ್ಣನೆಯ ಗಾಳಿ ಬೆಣೆಯ ಹಾಗೆ ನುಗ್ಗಿ ಅದನ್ನು ಮೇಲಕ್ಕೆ ಎತ್ತಿ ಒಗೆಯುತ್ತದೆ. ಎರಡು ಗಾಳಿ ಕೂಡುವ ಆ ಗೆರೆಯ ಉದ್ದಕ್ಕೂ ಮೋಡ, ಮಳೆ, ಕೆಲವೊಮ್ಮೆ ಹಿಮ. 1911ರ ನವೆಂಬರ್ 11ರಂದು ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಹಗಲು ಸುಮಾರು 28 ಡಿಗ್ರಿ ಸೆಲ್ಸಿಯಸ್ ಇದ್ದದ್ದು ನಡುರಾತ್ರಿಯೊಳಗೆ ಸೊನ್ನೆಗಿಂತ 8 ಡಿಗ್ರಿ ಕೆಳಗಿಳಿಯಿತು. ಆ ತಾರೀಖಿನ ಅತಿ ಹೆಚ್ಚು, ಅತಿ ಕಡಿಮೆ ಎರಡೂ ದಾಖಲೆ ಒಂದೇ ದಿನದ್ದು. 1940ರ ಅದೇ ನವೆಂಬರ್ 11ರಂದು ಮಿನ್ನೆಸೋಟ ಸುತ್ತಮುತ್ತ ಬೆಳಗಿನ ಹಿತವಾದ ಹವೆಯನ್ನು ನಂಬಿ ತೆಳು ಬಟ್ಟೆಯಲ್ಲೇ ಬಾತುಕೋಳಿ ಬೇಟೆಗೆ ಹೋದವರು ಮಧ್ಯಾಹ್ನದ ಹಿಮಗಾಳಿಗೆ ಸಿಕ್ಕಿಬಿದ್ದರು. ಆ ಒಂದು ಬಿರುಗಾಳಿಗೆ ಸತ್ತವರು 140ಕ್ಕೂ ಹೆಚ್ಚು. ನಮ್ಮ ನೆರೆಯ ವಿನಿಪೆಗ್‌ನಲ್ಲಿ 2019ರ ಅಕ್ಟೋಬರಿನಲ್ಲಿ, ಮರಗಳ ಎಲೆ ಇನ್ನೂ ಉದುರದೆ ಇದ್ದಾಗಲೇ ಒದ್ದೆ ಹಿಮ ಸುರಿದು, ಕೊಂಬೆಗಳು ಭಾರ ತಾಳದೆ ಊರಿಡೀ ಮುರಿದು ಬಿದ್ದವು. ಕೊಸರುಬಿಸಿಲಿನ ಬೆನ್ನಿಗೆ ಬರುವುದು ಇಂಥದ್ದು. ಆದ್ದರಿಂದ ನುಗ್ಗಿ ಬರುವ ಆ ತಣ್ಣನೆಯ ಗಾಳಿಯ ಗೆರೆಗೆ ಇಡುವ ಎರಡನೆಯ ಪದವೂ ಸರಿಯಾಗಿರಬೇಕು.

ಇಂಗ್ಲಿಷಿನಲ್ಲಿ ಇದು ಕೋಲ್ಡ್ ಫ್ರಂಟ್. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ನಾರ್ವೆಯ ಬರ್ಗೆನ್ನಿನಲ್ಲಿ ಹವಾಮಾನ ವಿಜ್ಞಾನಿಗಳಾದ ಬ್ಯರ್ಕ್‌ನೆಸ್ ತಂದೆ-ಮಗ ಮತ್ತವರ ಸಂಗಡಿಗರು ರಣರಂಗದ ಫ್ರಂಟಿನಿಂದಲೇ ಈ ಹೆಸರನ್ನು ಎತ್ತಿಕೊಂಡರು. ಎರಡು ಸೈನ್ಯ ಎದುರುಬದುರು ನಿಂತ ಗೆರೆ. ಹಾಗಿದ್ದ ಮೇಲೆ ಪದಕ್ಕೆ ಪದವಿಟ್ಟು ‘ಶೀತಮುಖ’ ಎಂದೇಕೆ ಮುಖ ತೊಳೆದ ಹಾಗೆ ಬರೆಯಬೇಕು? ಸೈನ್ಯದ ಮುಂಭಾಗಕ್ಕೆ ಹಳಗನ್ನಡದಲ್ಲಿ ‘ಚೂಣಿ’ ಇದೆ. ‘ಮುಂಚೂಣಿ’ಯನ್ನು ನಾವು ದಿನವೂ ಪತ್ರಿಕೆಯಲ್ಲಿ ಓದುತ್ತೇವೆ. ‘ಚಳಿಚೂಣಿ’ ಎನ್ನಬಾರದೇ? ಚಳಿ ದಂಡೆತ್ತಿ ಬಂದದ್ದು ಅದರಲ್ಲಿ ಕಾಣುತ್ತದೆ.

‘ಚಂಡಮಾರುತ’ ಬೇಡ ಎಂದು ಬೇಡಿಕೊಳ್ಳುತ್ತೇನೆ. ಅದು ಬಂಗಾಳ ಕೊಲ್ಲಿಯಿಂದ ಎದ್ದು ಬರುವ ಸುರುಳಿಗೆ ಮೀಸಲಾಗಿರಲಿ. ಇಲ್ಲಿಯದು ಬಿರುಗಾಳಿ. ಹಿಮ ಸೇರಿದರೆ ಹಿಮಗಾಳಿ. ಟೆಕ್ಸಸ್, ಒಕ್ಲಹೋಮಗಳ ಜನ ಇಂಥ ಗಾಳಿಗೆ ‘ಬ್ಲೂ ನಾರ್ದರ್’ ಎನ್ನುತ್ತಾರೆ, ಬಡಗಲಿಂದ ಬರುವುದರಿಂದ ನಾರ್ದರ್. ಮೂಡಗಾಳಿ, ಪಡುವಣ ಗಾಳಿ ಎಂದು ದಿಕ್ಕಿನ ಮೇಲೆ ಗಾಳಿಗೆ ಹೆಸರಿಡುವ ನಮಗೆ ‘ಬಡಗಾಳಿ’ ಎಂದರೆ ಸಾಕು, ಅನುವಾದವೇ ಬೇಕಿಲ್ಲ.

ಪ್ರೇರಿ ಎಂಬುದನ್ನು ನಾನು ಹಾಗೇ ಬಿಟ್ಟಿದ್ದೇನೆ. ಶಾಲೆಯ ಪುಸ್ತಕದ ‘ಹುಲ್ಲುಗಾವಲು’ ತಪ್ಪಲ್ಲ, ಫ್ರೆಂಚಿನಲ್ಲೂ ಮೂಲ ಅರ್ಥ ಅದೇ. ಆದರೆ ಇವತ್ತು ಇಲ್ಲಿ ಹುಲ್ಲಿಗಿಂತ ಉತ್ತ ಹೊಲವೇ ಹೆಚ್ಚು. ರಿಜೈನಾ ಸುತ್ತಲಿನ ಮಣ್ಣು ಹಳೆಯ ಹಿಮಯುಗದ ಕೆರೆಯ ತಳದ ಜೇಡಿ. ಮಳೆ ಬಿದ್ದರೆ ಬೂಟಿಗೆ ಒಂದೊಂದು ಸೇರು ಅಂಟುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನಮ್ಮ ಎರಿ ಹೊಲದಲ್ಲಿ ನಡೆದವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ‘ಎರೆಬಯಲು’ ಅನ್ನುವ ಆಸೆ ನನಗಿದೆ, ಆದರೆ ಅದು ನನ್ನ ಊರಿನ ಮೇಲಿನ ಮೋಹವೂ ಇರಬಹುದು.

ಮೊನ್ನೆ ಮಂಗಳವಾರ ಮಧ್ಯಾಹ್ನ ಗೋಡೆಯ ಮೇಲಿನ ಹುಳಗಳೆಲ್ಲ ಒಮ್ಮೆಗೇ ಸಂದಿ ಸೇರಿದವು. ಅರ್ಧ ಗಂಟೆಯಲ್ಲಿ ಬಾಗಿಲು ದಢಾರನೆ ಬಡಿಯಿತು, ವಾಯವ್ಯದಲ್ಲಿ ಸ್ಲೇಟಿನ ಬಣ್ಣದ ಮೋಡದ ಗೋಡೆ. ಸಂಜೆಗೆ ಮಳೆ, ರಾತ್ರಿಗೆ ಮಳೆಯೊಳಗೆ ಹಿಮದ ಚೂರು. ಅವ್ವನಿಗೆ ಫೋನ್ ಮಾಡಿ ಹೇಳಿದೆ. “ಗಾಳಿ ತಿರುಗಿತೇನು?” ಅಂದಳು. ಹೌದು, ತಿರುಗಿತ್ತು. ತೆಂಕಲಿನದು ಬಡಗಲಾಗಿತ್ತು. ಹವಾಮಾನ ತಜ್ಞರು ಚಳಿಚೂಣಿ ದಾಟಿತೋ ಇಲ್ಲವೋ ಎಂದು ತಿಳಿಯಲು ನೋಡುವ ಗುರುತುಗಳಲ್ಲಿ ಅದೂ ಒಂದು.

ಹಾಗಾಗಿ ಮಲೆನಾಡು, ಕರಾವಳಿ, ಬೀದರ್ ಕಡೆಯವರಲ್ಲಿ ನನ್ನ ಬಿನ್ನಹ: ಗಾಳಿ ಹೀಗೆ ದಿಕ್ಕು ಬದಲಿಸುವ ಆ ಹೊತ್ತಿಗೆ ನಿಮ್ಮ ಮನೆಯ ಹಿರಿಯರು ‘ತಿರುಗಿತು’ ಅಲ್ಲದೆ ಬೇರೆ ಏನಾದರೂ ಅನ್ನುತ್ತಾರೆಯೇ? ನಮ್ಮ ಸಂತೆಯಲ್ಲಿ ‘ಕೊಸರಿ’ಗೆ ಏನನ್ನುತ್ತಿದ್ದರು ಎಂದು ಅವ್ವನನ್ನೂ ಕೇಳಬೇಕಿದೆ. ಬರುವ ಭಾನುವಾರ ಕೇಳಿ ಬರೆಯುತ್ತೇನೆ.