ವ್ಯಾಂಕೂವರ್‌ನಿಂದ ಬ್ಯಾಂಫ್‌ಗೆ ಗೈಡ್ ಇರುವ ಬಸ್ ಟೂರ್: ಹೋಗಿ ಬಂದವರು ಅನುಭವ ಹೇಳಿ

ದಾವಣಗೆರೆ ಮಗಳು

ನಾವಿರುವುದು ಕೆನಡಾದ ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿ. ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಅಪ್ಪನಿಗೆ 71, ಅಮ್ಮನಿಗೆ 66. ಅಮ್ಮನಿಗೆ ಮಂಡಿನೋವು, ಮೊಟ್ಟೆ ಹಾಕಿದ ಕೇಕ್ ಕೂಡ ತಿನ್ನುವುದಿಲ್ಲ. ನನಗೂ ನಮ್ಮ ಯಜಮಾನರಿಗೂ ಈ ವರ್ಷ ರಜೆ ಇಲ್ಲ. ವಿಕ್ಟೋರಿಯಾ, ಆಮೇಲೆ ರಾಕಿ ಬೆಟ್ಟಗಳ ಜ್ಯಾಸ್ಪರ್, ಕೊಲಂಬಿಯಾ ಐಸ್‌ಫೀಲ್ಡ್ ಹಿಮನದಿ, ಲೇಕ್ ಲೂಯಿಸ್, ಬ್ಯಾಂಫ್ ತೋರಿಸಿ ವಾಪಸ್ ಬಿಡುವ ಬಸ್ ಟೂರ್ ಒಂದು ನೋಡಿದ್ದೇನೆ. ಗೈಡ್ ಇಂಗ್ಲಿಷ್, ಮ್ಯಾಂಡರಿನ್ ಎರಡರಲ್ಲೂ ಹೇಳುತ್ತಾರಂತೆ. ಇವರಿಬ್ಬರನ್ನೇ ಕಳಿಸಬಹುದಾ? ಯಾವ ತಿಂಗಳು ಒಳ್ಳೆಯದು?

ಮೈಸೂರಿನ ನಿವೃತ್ತ ರೈಲ್ವೆಯವರು

ನೋಡಮ್ಮ, ನಾವು ಗಂಡ ಹೆಂಡತಿ 2024ರ ಜೂನ್ ಮೊದಲ ವಾರ ಹೋಗಿದ್ದೆವು. ಇಲ್ಲಿಂದಲೇ ಟೂರ್ ಮ್ಯಾನೇಜರ್ ಜೊತೆಗೆ ಬರುವ ಪ್ಯಾಕೇಜ್. ಕ್ಯಾಲ್ಗರಿಯಲ್ಲಿ ಇಳಿದು, ಬೆಟ್ಟ ದಾಟಿ, ವಿಕ್ಟೋರಿಯಾದಲ್ಲಿ ಮುಗಿಸಿದೆವು. ಅದೇ ಸರಿಯಾದ ದಿಕ್ಕು. ಮೈಯಲ್ಲಿ ಶಕ್ತಿ ಇರುವಾಗಲೇ ಬೆಟ್ಟದ ಓಡಾಟ ಮುಗಿಯುತ್ತದೆ.

ದುಡ್ಡಿನ ವಿಷಯ ಪೂರ್ತಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಇಬ್ಬರಿಗೆ ಎಲ್ಲ ಸೇರಿ 11.20 ಲಕ್ಷ. ಅದರ ಮೇಲೆ ಟಿಸಿಎಸ್, ಅಂದರೆ ಟೂರ್ ಕಂಪನಿಯೇ ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಮುಂಗಡ ತೆರಿಗೆ. ಆಗ 7 ಲಕ್ಷದವರೆಗೆ 5%, ಅದರ ಮೇಲಿನದಕ್ಕೆ 20%. ಅಂದರೆ 35,000 ಮತ್ತು 84,000, ಒಟ್ಟು 1,19,000 ರೂಪಾಯಿ. ಬುಕ್ ಮಾಡುವ ದಿನವೇ ಕಟ್ಟಬೇಕು. ಗಂಡನ ಪ್ಯಾನ್‌ಗೆ ಅರ್ಧ, ಹೆಂಡತಿಯ ಪ್ಯಾನ್‌ಗೆ ಅರ್ಧ ಬಿಲ್ ಮಾಡಿದ್ದರೆ 56,000ಕ್ಕೆ ಮುಗಿಯುತ್ತಿತ್ತು. ಏಜೆಂಟ್ ಒಂದು ಮಾತು ಹೇಳಲಿಲ್ಲ. ರಿಟರ್ನ್ಸ್ ಹಾಕಿದ ಮೇಲೆ ಬಂತು, ನಿಜ. ಆದರೆ ಅಷ್ಟು ತಿಂಗಳು ನಮ್ಮ ದುಡ್ಡು ಸರ್ಕಾರದ ಹತ್ತಿರ ಇತ್ತಲ್ಲ? ವೀಸಾಕ್ಕೆ ತಲೆಗೆ 100 ಡಾಲರ್, ಬೆರಳಚ್ಚಿಗೆ 85, ಅದು ಬೇರೆ.

ಆದರೆ ಕೊಟ್ಟ ಪ್ರತಿ ರೂಪಾಯಿಗೂ ತಕ್ಕದ್ದು ಸಿಕ್ಕಿತು. ಕಿಕಿಂಗ್ ಹಾರ್ಸ್ ಪಾಸ್‌ನಲ್ಲಿ ಸ್ಪೈರಲ್ ಟನಲ್ ಇದೆ, 1909ರಲ್ಲಿ ಕಟ್ಟಿದ್ದು. ಏರು ಜಾಸ್ತಿ ಅಂತ ರೈಲನ್ನು ಬೆಟ್ಟದೊಳಗೆ ಸುತ್ತು ಹಾಕಿಸಿ ಮೇಲೆ ತರುತ್ತಾರೆ. ಉದ್ದದ ಗೂಡ್ಸ್ ಬಂದರೆ ಅದರ ಎಂಜಿನ್ ಮತ್ತು ಅದರದೇ ಕೊನೆಯ ವ್ಯಾಗನ್‌ಗಳು ಮೇಲೊಂದು ಕೆಳಗೊಂದು ಒಟ್ಟಿಗೆ ಕಾಣುತ್ತವೆ. ಇಡೀ ಜೀವನ ರೈಲ್ವೆಯಲ್ಲಿ ಕಳೆದವನು ನಾನು, ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ಕೆನಡಾದ ಪೂರ್ವ ಪಶ್ಚಿಮ ಜೋಡಿಸಿದ ರೈಲುದಾರಿಗೆ ಕ್ರೇಗೆಲಾಕಿಯಲ್ಲಿ 1885ರ ನವೆಂಬರ್ 7ರಂದು ಕೊನೆಯ ಮೊಳೆ ಹೊಡೆದ ಜಾಗವನ್ನೂ ತೋರಿಸಿದರು. ರಾತ್ರಿ ಊಟಕ್ಕೆ ದಿನಾ ಅನ್ನ, ಬೇಳೆ, ಮೊಸರು. ನಮ್ಮವರು ನಡೆಸುವ ಟೂರ್‌ನಲ್ಲೇ ಹೋಗಿ.

ಕ್ಯಾಲ್ಗರಿ ಕನ್ನಡಿಗ

ಸರ್, ಜೂನ್ ಮೊದಲ ವಾರ ಅಂದರೆ ಲೇಕ್ ಲೂಯಿಸ್‌ನಲ್ಲಿ ಇನ್ನೂ ಮಂಜುಗಡ್ಡೆ ತೇಲುತ್ತಿರುತ್ತದೆ. ಆ ಹಸಿರುನೀಲಿ ಬಣ್ಣ ಬರುವುದು ಹಿಮನದಿ ಕರಗಿ, ಅದು ಅರೆದ ಕಲ್ಲಿನ ನುಣ್ಣನೆ ಹಿಟ್ಟು ನೀರಿಗೆ ಸೇರಿದ ಮೇಲೆ. ಜೂನ್ ಕೊನೆ, ಜುಲೈ ಆಗಬೇಕು. ನೀವು ನೋಡಿದ್ದು ಅರ್ಧ ಕೆರೆ.

ಬಸ್ ಟೂರ್ ಬೇಡವೇ ಬೇಡ. ಕಾರು ತೆಗೆದುಕೊಳ್ಳಿ. ನಮ್ಮ ಅಕ್ಕ ಭಾವ ಬಂದಾಗ ನಾನೇ ಓಡಿಸಿಕೊಂಡು ಹೋದೆ. ಲೇಕ್ ಲೂಯಿಸ್‌ನಿಂದ ಜ್ಯಾಸ್ಪರ್‌ಗೆ ಹೋಗುವ ರಸ್ತೆ, ಐಸ್‌ಫೀಲ್ಡ್ಸ್ ಪಾರ್ಕ್‌ವೇ, 232 ಕಿ.ಮೀ. ಬೋ ಲೇಕ್, ಪೇಟೊ ಲೇಕ್, ಮಿಸ್ಟಾಯಾ ಕಣಿವೆ, ಸನ್‌ವಾಪ್ಟಾ ಫಾಲ್ಸ್, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿದೆವು. ಬಸ್ಸಿನವರು ಪೇಟೊದಲ್ಲಿ 20 ನಿಮಿಷ ಅನ್ನುತ್ತಾರೆ. ಪಾರ್ಕಿಂಗ್‌ನಿಂದ ಮೇಲೆ ಹತ್ತುವುದರಲ್ಲೇ ಅಷ್ಟೂ ಮುಗಿಯುತ್ತದೆ. ಪೆಟ್ರೋಲ್ ಮಧ್ಯದಲ್ಲಿ ಸಾಸ್ಕಾಚೆವಾನ್ ಕ್ರಾಸಿಂಗ್‌ನಲ್ಲಿ ಮಾತ್ರ. ಫೋನ್ ಸಿಗ್ನಲ್ ಹೆಚ್ಚಿನ ಕಡೆ ಇರುವುದಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ನನಗೆ ಹೊಟ್ಟೆ ಉರಿದದ್ದು ಬಾಡಿಗೆ ಕಾರಿನ ವಿಷಯದಲ್ಲಿ. ಲಾರಿಯಿಂದ ಒಂದು ಜಲ್ಲಿಕಲ್ಲು ಹಾರಿ ಮುಂದಿನ ಗಾಜಿಗೆ ಬಿತ್ತು. ಕಡಲೆಕಾಳಿನಷ್ಟು ಗುರುತು. ಎರಡು ದಿನದಲ್ಲಿ ಅದು ಉದ್ದ ಬಿರುಕಾಯಿತು. ಗಾಜಿಗೆ 640 ಡಾಲರ್, ಗಾಜು ಹಾಕಿಸುವ ತನಕ ಕಾರು ಸುಮ್ನೆ ನಿಂತ ದಿನಗಳಿಗೆ 174, ಕಾಗದಪತ್ರದ ಚಾರ್ಜು ಅಂತ 50. ನಾನು ತೆಗೆದುಕೊಂಡ ವಿಮೆಯಲ್ಲಿ ಗಾಜು ಸೇರಿಲ್ಲ ಅಂದರು. ಕೌಂಟರ್‌ನಲ್ಲಿ ಫುಲ್ ಕವರ್ ಅಂತ ಹೇಳಿಯೇ ಮಾರಿದ್ದು. ಆರು ಇಮೇಲ್ ಬರೆದೆ, ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟೆ. 174 ಮಾತ್ರ ವಾಪಸ್ ಬಂತು.

ಲೇಕ್ ಲೂಯಿಸ್ ಹತ್ತಿರದ ಮೊರೇನ್ ಲೇಕ್‌ಗೆ 2023ರಿಂದ ಸ್ವಂತ ಕಾರು ಬಿಡುವುದಿಲ್ಲ. ಪಾರ್ಕ್ಸ್ ಕೆನಡಾ ಶಟಲ್ ಬುಕ್ ಮಾಡಬೇಕು. ಸ್ವಲ್ಪ ಸೀಟು ಏಪ್ರಿಲ್‌ನಲ್ಲಿ, ಮಿಕ್ಕಿದ್ದು ಎರಡು ದಿನ ಮೊದಲು ಬೆಳಿಗ್ಗೆ 8ಕ್ಕೆ ಬಿಡುತ್ತಾರೆ. ನಿಮಿಷಗಳಲ್ಲಿ ಖಾಲಿ.

ಮೈಸೂರಿನ ನಿವೃತ್ತ ರೈಲ್ವೆಯವರು

ಅರ್ಧ ಕೆರೆ ಅಂದಿರಲ್ಲ, ಯಾವ ಅಳತೆಗೋಲಿನಲ್ಲಿ? ಅರ್ಧ ಗಡ್ಡೆ, ಅರ್ಧ ನೀರು, ಹಿಂದೆ ವಿಕ್ಟೋರಿಯಾ ಗ್ಲೇಸಿಯರ್ ಬೆಳ್ಳಗೆ. ನಮ್ಮ ಮನೆಯವರು ಹಿಮವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಆ ಗುಂಪಿನಲ್ಲಿ ಯಾರೊಬ್ಬರೂ ಬಣ್ಣ ಇಲ್ಲ ಅಂತ ಗೊಣಗಲಿಲ್ಲ. ಹತ್ತಿರದಲ್ಲೇ ಮನೆ ಇರುವವರಿಗೆ ಜುಲೈಯಲ್ಲಿ ಇನ್ನೊಮ್ಮೆ ಹೋಗಬಹುದು. ನಮಗೆ ಅದು ಒಂದೇ ಸಲ.

ಅವರು ಕೇಳಿದ್ದು ತಂದೆ ತಾಯಿ ಇಬ್ಬರನ್ನೇ ಕಳಿಸುವ ವಿಷಯ. 71 ವರ್ಷದವರ ಕೈಗೆ ಕಾರು ಕೊಡುತ್ತೀರಾ?

ಸರ್ರೆ ಅತ್ತೆ

ಇಬ್ಬರೂ ಸ್ವಲ್ಪ ತಡೆಯಿರಿ. ಮಗಳೇ, ನೀನು ನೋಡಿರುವ ಥರದ್ದೇ ಬಸ್ಸಿನಲ್ಲಿ ನಮ್ಮ ಅಣ್ಣ ಅತ್ತಿಗೆಯನ್ನು ಕರೆದುಕೊಂಡು ನಾನು ಹೋಗಿದ್ದೆ. ಟಿಕೆಟ್ ತಲೆಗೆ 598 ಡಾಲರ್ ಅಂತ ದೊಡ್ಡದಾಗಿ ಹಾಕಿದ್ದರು. ಆಮೇಲೆ ಶುರುವಾಯಿತು. ಐಸ್‌ಫೀಲ್ಡ್, ಗೊಂಡೋಲಾ (ಬೆಟ್ಟ ಹತ್ತಿಸುವ ರೋಪ್‌ವೇ), ಬುಚಾರ್ಟ್ ಗಾರ್ಡನ್ ಎಲ್ಲ ಸೇರಿಸಿ 305, ಬೇಡ ಅನ್ನುವ ಹಾಗಿಲ್ಲ. ಗೈಡ್ ಮತ್ತು ಡ್ರೈವರ್ ಟಿಪ್ ದಿನಕ್ಕೆ ತಲೆಗೆ 15, ಕಡ್ಡಾಯ. ಮುಂದಿನ ಎರಡು ಸಾಲು ಬೇಕಿದ್ದರೆ ಇನ್ನೂ 60. ಅದರ ಮೇಲೆ ಜಿಎಸ್‌ಟಿ 5%. ಊಟ ನಮ್ಮದೇ.

ಜ್ಯಾಸ್ಪರ್ ಅಂತ ಹಾಕಿರುತ್ತಾರೆ, ಮಲಗಿಸುವುದು ವೇಲ್‌ಮೌಂಟ್‌ನಲ್ಲಿ. ಅಲ್ಲಿಂದ ಜ್ಯಾಸ್ಪರ್‌ಗೆ ನೂರು ಕಿ.ಮೀ.ಗೂ ಜಾಸ್ತಿ. ಬೆಳಿಗ್ಗೆ 6 ಗಂಟೆಗೆ ಸೂಟ್‌ಕೇಸ್ ಬಾಗಿಲ ಹೊರಗೆ ಇಟ್ಟಿರಬೇಕು. ಆಲ್ಬರ್ಟಾ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಆ ಕಡೆ ಮಲಗಿದ ದಿನ ಬೆಳಿಗ್ಗೆ 6 ಅಂದರೆ ನಮ್ಮ ಮೈಗೆ 5 ಗಂಟೆಯೇ. ಮಧ್ಯಾಹ್ನ ನಿಲ್ಲಿಸುವುದು ಬಫೆಗೆ. ಅತ್ತಿಗೆಗೆ ಸಿಕ್ಕಿದ್ದು ಬಿಳಿ ಅನ್ನ, ಬೇಯಿಸಿದ ಬ್ರಾಕೊಲಿ. ಅದಕ್ಕೂ ಆಯ್‌ಸ್ಟರ್ ಸಾಸ್, ಅಂದರೆ ಸಮುದ್ರದ ಚಿಪ್ಪಿನ ಜೀವಿಯಿಂದ ಮಾಡಿದ್ದು, ಹಾಕಿದ್ದರು, ಪುಣ್ಯಕ್ಕೆ ನಾನು ಕೇಳಿ ತಿಳಿದುಕೊಂಡೆ. ಕೇಳದೆ ಯಾವುದನ್ನೂ ಬಾಯಿಗೆ ಇಡಬೇಡಿ.

ಇನ್ನೊಂದು ವಿಷಯ, ಆಗಸ್ಟ್‌ನ ಹೊಗೆ. ಕಾಡ್ಗಿಚ್ಚಿನ ಹೊಗೆ ಕವಿದು ಎದುರಿನ ಬೆಟ್ಟವೇ ಕಾಣಲಿಲ್ಲ. ಬ್ಯಾಂಫ್ ಗೊಂಡೋಲಾ ಹತ್ತಿ ಬಿಳಿ ಗೋಡೆ ನೋಡಿ ಇಳಿದೆವು. ದುಡ್ಡು ವಾಪಸ್ ಕೇಳಿದರೆ ಗೊಂಡೋಲಾ ಓಡಿದೆಯಲ್ಲ ಅಂದರು.

ಮೈಸೂರಿನ ನಿವೃತ್ತ ರೈಲ್ವೆಯವರು

ಕಡ್ಡಾಯ ಟಿಪ್ ಅಂದರೆ ಸುಲಿಗೆ. ಟಿಪ್ ಮನಸ್ಸಿಂದ ಕೊಡುವುದು. ಟಿಕೆಟ್‌ನಲ್ಲೇ ಸೇರಿಸಲಿ, ಆಗ ನಿಜವಾದ ಬೆಲೆ ಗೊತ್ತಾಗುತ್ತದೆ.

ಬಸ್ ಡ್ರೈವರ್ ಮನೆಯವಳು

ಸುಲಿಗೆ ಅನ್ನುವ ಮಾತು ವಾಪಸ್ ತೆಗೆದುಕೊಳ್ಳಿ ಸರ್. ನಮ್ಮ ಯಜಮಾನರು ಇದೇ ದಾರಿಯಲ್ಲಿ ಕೋಚ್ ಓಡಿಸುತ್ತಾರೆ. ದಿನಕ್ಕೆ 13 ಗಂಟೆಗಿಂತ ಜಾಸ್ತಿ ಸ್ಟೀರಿಂಗ್ ಹಿಡಿಯಬಾರದು ಅಂತ ಕಾನೂನೇ ಇದೆ. ಆ ಮಿತಿಯ ಹತ್ತಿರ ಹತ್ತಿರ ಹೋಗುವ ದಿನಗಳು ಎಷ್ಟೋ. ರೋಜರ್ಸ್ ಪಾಸ್‌ನಲ್ಲಿ ಮಳೆ, ರಸ್ತೆ ಮೇಲೆ ಜಿಂಕೆ, ಹಿಂದೆ ಐವತ್ತು ಜನ ನಿದ್ದೆ. ಹೋಟೆಲ್ ಮುಟ್ಟಿದ ಮೇಲೆ ಐವತ್ತು ಸೂಟ್‌ಕೇಸ್ ಇಳಿಸಬೇಕು, ಬಸ್ ತೊಳೆಯಬೇಕು. ಮೊದಲು ಟಿಪ್ ಮನಸ್ಸಿಗೆ ಬಿಟ್ಟಿದ್ದರು. ಆಗ ಕೊನೇ ದಿನ ಕವರ್ ಕೊಡದೆ ಹಿಂಬಾಗಿಲಿಂದ ಇಳಿದು ಹೋದವರಲ್ಲಿ ನಮ್ಮ ದೇಶದವರೇ ಜಾಸ್ತಿ. ಇದನ್ನು ಹೇಳುವುದು ನನಗೆ ಇಷ್ಟವಿಲ್ಲ, ಆದರೆ ನಮ್ಮ ಮನೆಯ ಬಾಡಿಗೆ ಅದರಲ್ಲೇ ಹೋಗುತ್ತಿತ್ತು.

ಮೈಸೂರಿನ ನಿವೃತ್ತ ರೈಲ್ವೆಯವರು

ಸುಲಿಗೆ ಮಾಡುವುದು ಕಂಪನಿ ಅಂದೆ, ಡ್ರೈವರ್ ಅಲ್ಲ. ಸಂಬಳ ಸರಿಯಾಗಿ ಕೊಡದೆ ಪ್ರಯಾಣಿಕರ ಮೇಲೆ ಹಾಕುವುದು ಕಂಪನಿ. ನಾನೂ ರಾತ್ರಿ ಪಾಳಿ ಮಾಡಿದವನೇ ತಾಯಿ.

ಶಿರಸಿಯವಳು, ಎಡ್ಮಂಟನ್

ಜ್ಯಾಸ್ಪರ್ ಬಗ್ಗೆ ಇಷ್ಟು ಹಗುರವಾಗಿ ಮಾತಾಡುತ್ತಿರುವುದು ನೋಡಿ ಬೇಜಾರಾಗುತ್ತಿದೆ. 2024ರ ಜುಲೈ 22ರ ರಾತ್ರಿ ಊರು, ಪಾರ್ಕ್ ಎರಡನ್ನೂ ಖಾಲಿ ಮಾಡಿಸಿದರು, ಸುಮಾರು 25,000 ಜನ. 24ಕ್ಕೆ ಬೆಂಕಿ ಊರೊಳಗೆ ಬಂತು. 358 ಕಟ್ಟಡ ಹೋದವು, ಅಂದರೆ ಊರಿನ ಮೂರನೇ ಒಂದು ಭಾಗ. ನಮ್ಮ ಟೂರ್ ಮುಂದಿನ ವಾರ ಇತ್ತು. ಅತ್ತೆ ಮಾವ ಸಾಗರದಿಂದ ಬಂದಿದ್ದರು. ಜ್ಯಾಸ್ಪರ್ ಎರಡು ರಾತ್ರಿಯ ಬದಲು ಕೆಲೋನಾದಲ್ಲಿ ಮಲಗಿಸಿದರು. ಹೋಟೆಲ್ ದರದ ವ್ಯತ್ಯಾಸ ಕೊಡಿ ಅಂದರೆ ದಾರಿ ಬದಲಿಸುವ ಹಕ್ಕು ನಮಗಿದೆ ಅಂತ ಸಣ್ಣ ಅಕ್ಷರದ ಕಲಮು ತೋರಿಸಿದರು. ವಿಮೆಯವರು ಟೂರ್ ರದ್ದಾಗಿಲ್ಲವಲ್ಲ ಅಂದರು. ನಾಲ್ಕು ಜನಕ್ಕೆ ಹತ್ತಿರ ಹತ್ತಿರ 900 ಡಾಲರ್ ಹೋಯಿತು. ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಬರೆದು ಕೇಳಿ: ರಸ್ತೆ ಮುಚ್ಚಿದರೆ ಏನು ಕೊಡುತ್ತೀರಿ? ಉತ್ತರ ಫೋನ್‌ನಲ್ಲಿ ಬೇಡ, ಇಮೇಲ್‌ನಲ್ಲಿ ಬರಲಿ.

ಜ್ಯಾಸ್ಪರ್‌ನಲ್ಲಿ ಈಗ ಮನೆಗಳು ಮತ್ತೆ ಏಳುತ್ತಿವೆ. ಅಲ್ಲಿ ಮಲಗಿಸುವ ಟೂರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಆ ಊರಿಗೆ ನಾಲ್ಕು ಕಾಸು ಹೋಗಲಿ.

ಐಸ್‌ಫೀಲ್ಡ್‌ನಲ್ಲಿ ಹಿಮನದಿ ಮೇಲೆ ಓಡಾಡುವ ದೊಡ್ಡ ಚಕ್ರದ ಬಸ್ ಮಾತ್ರ ಬೇಡ. 2020ರ ಜುಲೈಯಲ್ಲಿ ಒಂದು ಉರುಳಿ ಮೂವರು ಸತ್ತರು. ನಾನು ಅತ್ತೆ ಮಾವನನ್ನು ಹತ್ತಿಸಲಿಲ್ಲ.

ಕ್ಯಾಲ್ಗರಿ ಕನ್ನಡಿಗ

ಅಕ್ಕ, ಆಮೇಲೆ ಸೀಟ್ ಬೆಲ್ಟ್ ಹಾಕಿದ್ದಾರೆ, ಓಡಿಸುವ ನಿಯಮವನ್ನೂ ಬಿಗಿ ಮಾಡಿದ್ದಾರೆ. ನಮ್ಮ ಭಾವ ಅಥಾಬಾಸ್ಕಾ ಗ್ಲೇಸಿಯರ್ ಮೇಲೆ ಕಾಲಿಟ್ಟಾಗ ಕಣ್ಣಲ್ಲಿ ನೀರು ಬಂತು. ಅದನ್ನು ಬೇಡ ಅನ್ನಲು ನನಗೆ ಮನಸ್ಸಿಲ್ಲ. ಹಳೆಯ ವರ್ಷಗಳಲ್ಲಿ ಗಡ್ಡೆ ಎಲ್ಲಿವರೆಗೆ ಇತ್ತು ಅಂತ ದಾರಿಯುದ್ದಕ್ಕೂ ಫಲಕ ಹಾಕಿದ್ದಾರೆ. ಒಂದೂವರೆ ಕಿ.ಮೀ.ಗೂ ಹೆಚ್ಚು ಹಿಂದೆ ಹೋಗಿದೆ. ನಮ್ಮ ಮೊಮ್ಮಕ್ಕಳಿಗೆ ಎಷ್ಟು ಉಳಿಯುತ್ತದೋ.

ಶಿರಸಿಯವಳು, ಎಡ್ಮಂಟನ್

ಕರಗುತ್ತಿದೆ ಅಂತ ದುಃಖ ಪಡುವವರು ಅದರ ಮೇಲೆ ಡೀಸೆಲ್ ಬಸ್ಸಿನಲ್ಲಿ ಓಡಾಡುವುದು ಯಾಕೆ? ಕೆಳಗಿನ ಪಾರ್ಕಿಂಗ್‌ನಿಂದ ನಡೆದು ಹಿಮನದಿಯ ತುದಿ ನೋಡಬಹುದು. ಒಂದು ಕಾಸೂ ಇಲ್ಲ.

ಕ್ಯಾಲ್ಗರಿ ಕನ್ನಡಿಗ

ನಡೆದು ನೋಡುವುದು ಮಂಡಿನೋವು ಇಲ್ಲದವರಿಗೆ. ನೀವೂ ಎಡ್ಮಂಟನ್‌ನಿಂದ ನಡೆದುಕೊಂಡು ಬಂದಿರಲಾರಿರಿ. ಹಿರಿಯರ ಆಸೆಗೆ ಹೀಗೆ ಅಡ್ಡ ಬರಬೇಡಿ.

ದಾವಣಗೆರೆ ಮಗಳು

ಎಲ್ಲರಿಗೂ ಥ್ಯಾಂಕ್ಸ್. ಜಗಳ ಬೇಡ, ದಯವಿಟ್ಟು. ಅಮ್ಮನ ಮಂಡಿಗೆ ಯಾವ ಜಾಗ ಆಗುತ್ತೆ, ಯಾವುದು ಆಗಲ್ಲ, ಅದನ್ನು ಯಾರಾದರೂ ಹೇಳ್ತೀರಾ? ಮತ್ತೆ ತಿಂಗಳು?

ಸರ್ರೆ ಅತ್ತೆ

ಬುಚಾರ್ಟ್ ಗಾರ್ಡನ್ ಆಗುತ್ತೆ. ಹಳೇ ಸುಣ್ಣಕಲ್ಲಿನ ಗಣಿಯಲ್ಲಿ 1904ರಿಂದ ಬೆಳೆಸಿದ ತೋಟ, ದಾರಿ ಚೆನ್ನಾಗಿದೆ. ವಿಕ್ಟೋರಿಯಾ ಕಡೆಗೆ ಹೋಗುವ ಫೆರಿಯಲ್ಲಿ ಒಂದೂವರೆ ಗಂಟೆ ಕೂತೇ ಇರಬಹುದು, ಲಿಫ್ಟ್ ಇದೆ. ಲೇಕ್ ಲೂಯಿಸ್ ದಂಡೆ ಸಮತಟ್ಟು. ಕ್ಯಾಪಿಲಾನೊ ತೂಗುಸೇತುವೆ 140 ಮೀಟರ್ ಉದ್ದ, ಜನ ನಡೆದಾಗ ಅಲ್ಲಾಡುತ್ತದೆ, ಮೆಟ್ಟಿಲೂ ಇದೆ, ಅಮ್ಮನಿಗೆ ಬೇಡ. ಜಾನ್‌ಸ್ಟನ್ ಕಣಿವೆಯೂ ಬೇಡ. ಗೈಡ್‌ಗೆ ಮೊದಲ ದಿನವೇ ಮಂಡಿ ವಿಷಯ ಹೇಳಿಡು. ನಮ್ಮ ಗೈಡ್ ಹುಡುಗಿ ಅತ್ತಿಗೆಗೆ ಪ್ರತಿ ಸ್ಟಾಪ್‌ನಲ್ಲೂ ಕೈ ಹಿಡಿದು ಇಳಿಸಿದಳು. ಆ ಟಿಪ್ ಕೊಡಲು ನನಗೆ ಒಂದು ಚೂರೂ ಬೇಸರ ಆಗಲಿಲ್ಲ.

ತಿಂಗಳು ಸೆಪ್ಟೆಂಬರ್ ಎರಡನೇ ವಾರದ ಮೇಲೆ. ರಶ್ ಕಡಿಮೆ, ಹೊಗೆಯೂ ಸಾಮಾನ್ಯವಾಗಿ ಇಳಿದಿರುತ್ತದೆ. ಕೊನೆಯ ವಾರ ಲಾರ್ಚ್ ಮರಗಳು ಹಳದಿ ಆಗುತ್ತವೆ. ಮೊರೇನ್ ರಸ್ತೆ ಅಕ್ಟೋಬರ್ ಮಧ್ಯದವರೆಗೆ ತೆರೆದಿರುತ್ತದೆ. ಸ್ವೆಟರ್, ಟೋಪಿ ಬೇಕೇ ಬೇಕು. ಊಟಕ್ಕೆ ಚಿಕ್ಕ ರೈಸ್ ಕುಕ್ಕರ್ ಕಳಿಸು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಸಾಕು.

ಬಸ್ ಡ್ರೈವರ್ ಮನೆಯವಳು

ಕುಕ್ಕರ್ ಬೇಡ ಅತ್ತೆ. ಹೋಟೆಲ್ ರೂಮಿನಲ್ಲಿ ಒಗ್ಗರಣೆ, ಅನ್ನದ ಹಬೆಗೆ ಸ್ಮೋಕ್ ಅಲಾರ್ಮ್ ಹೊಡೆದು, ಇಡೀ ಮಹಡಿಯವರು ರಾತ್ರಿ ಉಡುಪಲ್ಲೇ ಹೊರಗೆ ನಿಂತದ್ದನ್ನು ನಮ್ಮ ಯಜಮಾನರು ನೋಡಿದ್ದಾರೆ. ದಂಡವನ್ನು ರೂಮಿನವರೇ ಕಟ್ಟಿದರು.

ಸರ್ರೆ ಅತ್ತೆ

ಒಗ್ಗರಣೆ ಹಾಕು ಅಂತ ಯಾರು ಹೇಳಿದರು? ಅನ್ನ ಮಾತ್ರ. ಬಾತ್‌ರೂಮಿನ ಫ್ಯಾನ್ ಹಾಕಿ ಮಾಡಿದರೆ ಏನೂ ಆಗಲ್ಲ, ನಾನು ಮಾಡಿದ್ದೇನೆ.

ಬಸ್ ಡ್ರೈವರ್ ಮನೆಯವಳು

ಹೋಟೆಲಿನವರು ಬರೆದೇ ಹಾಕಿರುತ್ತಾರೆ, ರೂಮಿನಲ್ಲಿ ಅಡುಗೆ ಇಲ್ಲ ಅಂತ. ಬಿಸಿನೀರಿನ ಕೆಟಲ್ ಕೇಳಿದರೆ ಕೊಡುತ್ತಾರೆ. ಅವಲಕ್ಕಿ ನೆನೆಸಿ ಗೊಜ್ಜು ಕಲಸಿಕೊಳ್ಳಲಿ.

ಮೈಸೂರಿನ ನಿವೃತ್ತ ರೈಲ್ವೆಯವರು

ಗೊಜ್ಜು ಊರಿಂದ ತರುವುದಾದರೆ ವಿಮಾನ ಇಳಿದಾಗ ತಿಂಡಿ ಇದೆ ಅಂತ ಡಿಕ್ಲೇರ್ ಮಾಡಲಿ. ಮಾಡಿದರೆ ಕೇಳಿ ಬಿಡುತ್ತಾರೆ. ನಮ್ಮ ಗುಂಪಿನಲ್ಲಿ ಒಬ್ಬರು ಇಲ್ಲ ಅಂತ ಹಾಕಿ ಬ್ಯಾಗ್ ಬಿಚ್ಚಿಸಿಕೊಂಡರು. ಅವರಿಗಾಗಿ ನಾವೆಲ್ಲ ಬಸ್ಸಿನಲ್ಲಿ ಎರಡು ಗಂಟೆ ಕಾದೆವು.